‘ಡಿಸಬಿಲಿಟಿ’: ಒಂದು ಪದದ ಅರ್ಥವ್ಯಾಪ್ತಿ ಮತ್ತು ಅದರ ಕನ್ನಡ ಪರ್ಯಾಯಗಳು

ಭಾರತ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿ, ಅದರಿಂದ ಹುಟ್ಟುವ ಯಾವುದೇ ‘ಡಿಸಬಿಲಿಟಿ’ಯನ್ನು ಹೇರುವುದು ಅಪರಾಧವೆಂದು ಸಾರುತ್ತದೆ. ಸಂಸತ್ತು 1995ರಲ್ಲಿ ಅಂಗೀಕರಿಸಿದ, ಅಂಗವಿಕಲರ ಸಮಾನ ಅವಕಾಶಗಳನ್ನು ಕುರಿತ ಅಧಿನಿಯಮದ ಇಂಗ್ಲಿಷ್ ಶೀರ್ಷಿಕೆಯಲ್ಲಿಯೂ ಇದೇ ಪದವಿದೆ. ಮೊದಲನೆಯ ಕಡೆ ಅದು ಕೆರೆಯ ನೀರನ್ನು ಮುಟ್ಟದಂತೆ, ಅಂಗಡಿಯ ಹೊಸ್ತಿಲನ್ನು ದಾಟದಂತೆ ಒಬ್ಬರು ಮತ್ತೊಬ್ಬರನ್ನು ತಡೆಯುವುದಕ್ಕೆ ಸಲ್ಲುವ ಹೆಸರು. ಎರಡನೆಯ ಕಡೆ ಕಣ್ಣು, ಕಿವಿ, ಕೈಕಾಲು, ಮನಸ್ಸುಗಳಲ್ಲಿ ಕಂಡುಬರುವ ಕೊರತೆಗೆ ಸಲ್ಲುವ ಹೆಸರು. ಒಂದರಲ್ಲಿ ತಡೆಯುವವನು ಹೊರಗೆ ನಿಂತಿದ್ದಾನೆ. ಇನ್ನೊಂದರಲ್ಲಿ ತಡೆಯುವವನು ಯಾರೂ ಇಲ್ಲ, ವೈದ್ಯರ ಪ್ರಮಾಣಪತ್ರ ಮಾತ್ರ ಇದೆ.

ಒಂದೇ ದೇಶದ ಕಾನೂನಿನಲ್ಲಿ ಒಂದೇ ಪದವು ಈ ಎರಡು ಕೆಲಸಗಳನ್ನು ಮಾಡುತ್ತಿರುವುದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಕನ್ನಡಕ್ಕೆ ಬರುವಾಗ ಈ ಎರಡು ಅರ್ಥಗಳು ಬೇರೆಬೇರೆ ದಾರಿ ಹಿಡಿದವು. ಮೊದಲನೆಯದು ‘ಅನರ್ಹತೆ’, ‘ನಿರ್ಬಂಧ’ಗಳ ಕಡೆಗೂ ಎರಡನೆಯದು ‘ಅಂಗವಿಕಲತೆ’ಯ ಕಡೆಗೂ ಹೋಯಿತು. ಅನಂತರದ ದಿನಗಳಲ್ಲಿ ‘ಅಂಗವಿಕಲ’ ಎನ್ನಬೇಕೋ ‘ವಿಕಲಚೇತನ’ ಎನ್ನಬೇಕೋ ‘ದಿವ್ಯಾಂಗ’ ಎನ್ನಬೇಕೋ ಎಂಬ ಚರ್ಚೆ ಸಾಕಷ್ಟು ನಡೆದಿದೆ. ಆದರೆ ಆ ಚರ್ಚೆಯೆಲ್ಲವೂ ಎರಡನೆಯ ಕವಲಿನ ಒಳಗೇ ನಡೆದುದು. ಮೊದಲ ಕವಲು ಇದೇ ಪದಕ್ಕೆ ಸೇರಿದ್ದೆಂಬುದು ಕನ್ನಡದಲ್ಲಿ ಬಹುಮಟ್ಟಿಗೆ ಮರೆತುಹೋಗಿದೆ.

ಇಂಗ್ಲಿಷಿನಲ್ಲಿ ಈ ಪದದ ಕಾನೂನಿನ ಅರ್ಥ ಗಟ್ಟಿಯಾದುದು, ದೀರ್ಘಕಾಲ ಬಾಳಿದುದು. ಹಕ್ಕನ್ನು ಚಲಾಯಿಸಲಾಗದ, ಆಸ್ತಿಯನ್ನು ಹೊಂದಲಾಗದ, ಸಾರ್ವಜನಿಕ ಹುದ್ದೆಗೆ ಏರಲಾಗದ ಸ್ಥಿತಿಯನ್ನು ಅದು ಸೂಚಿಸುತ್ತಿತ್ತು. ಮೆಕಾಲೆ 1831ರಲ್ಲಿ ‘ಎಡಿನ್‌ಬರೋ ರಿವ್ಯೂ’ ಪತ್ರಿಕೆಯಲ್ಲಿ ಇಂಗ್ಲೆಂಡಿನ ಯೆಹೂದ್ಯರ ‘ಡಿಸಬಿಲಿಟಿ’ಗಳನ್ನು ಕುರಿತು ಬರೆದಾಗ ಅವನ ಮನಸ್ಸಿನಲ್ಲಿದ್ದುದು ಯಾರ ದೇಹದ ಊನವೂ ಅಲ್ಲ, ಯೆಹೂದ್ಯರಿಗೆ ಪಾರ್ಲಿಮೆಂಟಿನ ಬಾಗಿಲನ್ನು ಮುಚ್ಚಿದ್ದ ಕಾನೂನು. ಭಾರತದಲ್ಲಿ 1850ರ 21ನೆಯ ಅಧಿನಿಯಮದ ಹೆಸರಿನಲ್ಲಿ ಇದೇ ಪದ ಜಾತಿಗೆ ಅಂಟಿಕೊಂಡಿತು. ಮತಾಂತರ ಹೊಂದಿದವರು ಅಥವಾ ಜಾತಿಯಿಂದ ಹೊರಹಾಕಲ್ಪಟ್ಟವರು ಪಿತ್ರಾರ್ಜಿತ ಆಸ್ತಿಯ ಹಕ್ಕನ್ನು ಕಳೆದುಕೊಳ್ಳಬಾರದೆಂಬುದು ಅದರ ಉದ್ದೇಶ. 1963ರ ಕಾಲಪರಿಮಿತಿ ಅಧಿನಿಯಮ ಇಂದಿಗೂ ಅಪ್ರಾಪ್ತ ವಯಸ್ಕರನ್ನು ‘ಲೀಗಲ್ ಡಿಸಬಿಲಿಟಿ’ಯ ಅಡಿಯಲ್ಲಿ ಇರಿಸುತ್ತದೆ. ಹದಿನೇಳು ವಯಸ್ಸಿನ, ಆರೋಗ್ಯವಂತನಾದ ಓಟಗಾರನೂ ಆ ಅರ್ಥದಲ್ಲಿ ‘ಡಿಸಬಿಲಿಟಿ’ ಉಳ್ಳವನೇ.

ಈ ಎರಡು ಅರ್ಥಗಳು ಒಂದೇ ಬಿಂದುವಿನಲ್ಲಿ ಕೂಡುವ ಕಾನೂನೊಂದಿದೆ. ಅದು ಕನ್ನಡದ ವಿದ್ವಾಂಸರ ಗಮನವನ್ನು ಹೆಚ್ಚಾಗಿ ಸೆಳೆದಂತಿಲ್ಲ. ಹಿಂದೂ ದಾಯಭಾಗದಲ್ಲಿದ್ದ ಅನರ್ಹತೆಗಳನ್ನು ನಿವಾರಿಸಲು 1928ರಲ್ಲಿ ಬಂದ ಅಧಿನಿಯಮವದು. ಮನುಸ್ಮೃತಿಯ 9ನೆಯ ಅಧ್ಯಾಯವು ಹುಟ್ಟುಗುರುಡರು, ಕಿವುಡರು, ಮೂಗರು, ಹುಚ್ಚರು, ಅಂಗಹೀನರು ಮೊದಲಾದವರನ್ನು ಪಿತ್ರಾರ್ಜಿತದ ಪಾಲಿನಿಂದ ಹೊರಗಿಟ್ಟು, ಅವರಿಗೆ ಅನ್ನವಸ್ತ್ರಗಳನ್ನು ಮಾತ್ರ ಕೊಡತಕ್ಕದ್ದೆಂದು ವಿಧಿಸುತ್ತದೆ. ಮಹಾಭಾರತದ ಧೃತರಾಷ್ಟ್ರನಿಗೆ ಹಿರಿಯನಾಗಿದ್ದೂ ಪಟ್ಟ ತಪ್ಪಿದುದು ಇದೇ ನ್ಯಾಯದಿಂದ. 1928ರ ಅಧಿನಿಯಮವು ರೋಗ, ಅಂಗವಿಕಾರ, ದೈಹಿಕ ಅಥವಾ ಮಾನಸಿಕ ನ್ಯೂನತೆಯ ಕಾರಣದಿಂದ ಯಾರನ್ನೂ ಪಾಲಿನಿಂದ ಹೊರಗಿಡಕೂಡದೆಂದು ವಿಧಿಸಿತು. ಹುಟ್ಟಿನಿಂದಲೇ ಬುದ್ಧಿಭ್ರಮಣೆ ಅಥವಾ ಬುದ್ಧಿಮಾಂದ್ಯ ಇದ್ದವರಿಗೆ ಈ ರಕ್ಷಣೆಯನ್ನು ಕೊಡಲಿಲ್ಲವೆಂಬುದು ಬೇರೆ ಮಾತು. ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಧಾರವಾಡ, ಬೆಳಗಾವಿ, ಬಳ್ಳಾರಿ ಮೊದಲಾದ ಕನ್ನಡ ಜಿಲ್ಲೆಗಳಿಗೂ ಅದು ಅನ್ವಯಿಸಿತು. ಗಮನಿಸಬೇಕಾದುದು ಅದರ ಪದಪ್ರಯೋಗವನ್ನು. ಆ ಕಾನೂನಿನಲ್ಲಿ ಕುರುಡುತನವು ‘ಡಿಸಬಿಲಿಟಿ’ ಅಲ್ಲ; ಕುರುಡನಿಗೆ ಪಾಲು ಇಲ್ಲವೆನ್ನುವ ನಿಯಮವೇ ‘ಡಿಸಬಿಲಿಟಿ’. ಕಣ್ಣಿನ ಕೊರತೆಯನ್ನು ಯಾವ ಶಾಸನಸಭೆಯೂ ನಿವಾರಿಸಲಾರದು. ಅದು ನಿವಾರಿಸಬಲ್ಲುದು ನಿಯಮವನ್ನು ಮಾತ್ರ. ಆ ನಿಯಮ ನಿವಾರಣೆಯಾದುದರಿಂದಲೇ ಶೀರ್ಷಿಕೆಗೆ ಅರ್ಥ ಬಂದಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಪದ ಕ್ರಮೇಣ ದೇಹದೊಳಕ್ಕೆ ಇಳಿಯಿತು. ಯುದ್ಧದಿಂದ ಗಾಯಗೊಂಡು ಮರಳಿದ ಸೈನಿಕರ ಪಿಂಚಣಿ, ಕಾರ್ಖಾನೆಗಳ ಪರಿಹಾರಧನ, ವಿಮೆ ಇವೆಲ್ಲವುಗಳಿಗೆ ಅಳೆಯಬಹುದಾದ ಪ್ರಮಾಣವೊಂದು ಬೇಕಿತ್ತು. ಅಳೆಯುವ ಅಧಿಕಾರ ವೈದ್ಯರ ಕೈಸೇರಿತು. ಭಾರತದ 1995ರ ಅಧಿನಿಯಮವು ಈ ಪರಂಪರೆಗೆ ಸೇರಿದುದು. ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿ, ಅವುಗಳಲ್ಲೊಂದು ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಇದೆಯೆಂದು ವೈದ್ಯಕೀಯ ಪ್ರಾಧಿಕಾರ ಪ್ರಮಾಣೀಕರಿಸಿದವರನ್ನು ಮಾತ್ರ ಅದು ಪರಿಗಣಿಸಿತು. ಕರ್ನಾಟಕದ ಹಳ್ಳಿಗಳಲ್ಲಿಯೂ ಇಂದು ಈ ವಿಷಯ ಬಂದಾಗ ಮೊದಲು ಕೇಳಿಬರುವ ಪ್ರಶ್ನೆ ‘ಎಷ್ಟು ಪರ್ಸೆಂಟು?’ ಎಂಬುದು.

‘ಹ್ಯಾಂಡಿಕ್ಯಾಪ್’ ಎಂಬ ಸೋದರಪದದ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡಬಹುದು. ಭಿಕ್ಷುಕನು ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತ ಚಿತ್ರದಿಂದ ಅದು ಹುಟ್ಟಿತೆಂಬ ನಂಬಿಕೆ ವ್ಯಾಪಕವಾಗಿದೆ. ಆ ಕಾರಣದಿಂದಲೇ ಅನೇಕರು ಅದನ್ನು ತ್ಯಜಿಸಿದರು. ವಾಸ್ತವವಾಗಿ ಅದು 17ನೆಯ ಶತಮಾನದ ವಿನಿಮಯದ ಆಟವೊಂದರ ಹೆಸರು. ಆಟಗಾರರು ಟೋಪಿಯೊಳಗೆ ಕೈಯಿಟ್ಟು, ಮಧ್ಯಸ್ಥನು ಕಟ್ಟಿದ ಬೆಲೆ ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಸೂಚಿಸುತ್ತಿದ್ದರು. ಮುಂದೆ ಕುದುರೆ ಪಂದ್ಯಗಳಲ್ಲಿ ಬಲವಾದ ಕುದುರೆಯ ಮೇಲೆ ಹೆಚ್ಚಿನ ಭಾರ ಹೊರಿಸಿ ಸ್ಪರ್ಧೆಯನ್ನು ಸಮಗೊಳಿಸುವ ಕ್ರಮಕ್ಕೆ ಆ ಹೆಸರು ಬಂದಿತು. ಬೆಂಗಳೂರು, ಮೈಸೂರುಗಳ ಪಂದ್ಯದ ಮೈದಾನಗಳಲ್ಲಿ ಆ ಅರ್ಥ ಪರಿಚಿತವೇ. ಅಂದರೆ ಮೂಲದಲ್ಲಿ ಹೊರೆ ಬಲಶಾಲಿಯ ಮೇಲಿತ್ತು, ಅದನ್ನು ಹೊರಿಸುವವರೂ ಇದ್ದರು. ಮನುಷ್ಯರಿಗೆ ಅನ್ವಯವಾದಾಗ ಹೊರೆ ಉಳಿಯಿತು, ಹೊರಿಸುವವರು ಮರೆಯಾದರು. ಸುಳ್ಳು ವ್ಯುತ್ಪತ್ತಿಯೊಂದು ಪದದ ಹಣೆಬರಹವನ್ನು ನಿರ್ಧರಿಸಬಲ್ಲುದೆಂಬ ಈ ನಿದರ್ಶನವು ಮುಂದೆ ‘ವಿಕಲಚೇತನ’ವನ್ನು ಪರಿಶೀಲಿಸುವಾಗ ನೆನಪಿನಲ್ಲಿರಬೇಕು.

‘ಡಿಸಬಿಲಿಟಿ’ಯನ್ನು ಮತ್ತೆ ದೇಹದಿಂದ ಹೊರಕ್ಕೆ ಎಳೆದವರು ಸ್ವತಃ ಅಂಗವಿಕಲರೇ. ಬ್ರಿಟನ್ನಿನಲ್ಲಿ ಪಾಲ್ ಹಂಟ್, ವಿಕ್ ಫಿಂಕೆಲ್‌ಸ್ಟೈನ್ ಮೊದಲಾದವರಿದ್ದ ಸಂಘಟನೆಯೊಂದು 1976ರಲ್ಲಿ ಹೊರತಂದ ಕಿರುಹೊತ್ತಗೆ ಎರಡು ಪದಗಳನ್ನು ಬೇರ್ಪಡಿಸಿತು. ದೇಹದ ಕೊರತೆ ‘ಇಂಪೇರ್‌ಮೆಂಟ್’. ಆ ಕೊರತೆಯುಳ್ಳವರನ್ನು ಗಣನೆಗೆ ತಾರದೆ ಕಟ್ಟಿದ ಸಮಾಜವು ಅವರ ಮೇಲೆ ಹೇರುವ ನಿರ್ಬಂಧ ‘ಡಿಸಬಿಲಿಟಿ’. ಫಿಂಕೆಲ್‌ಸ್ಟೈನ್ ದಕ್ಷಿಣ ಆಫ್ರಿಕದವನು. ಅಲ್ಲಿನ ವರ್ಣಭೇದ ನೀತಿಯನ್ನು ವಿರೋಧಿಸಿ ಸೆರೆಮನೆ ಕಂಡು, 1968ರಲ್ಲಿ ಬ್ರಿಟನ್ನಿಗೆ ಬಂದವನು. ಮನುಷ್ಯರಿಗೆ ಬಾಗಿಲು ಮುಚ್ಚುವ ಕಾನೂನುಗಳ ನಡುವೆ ಬದುಕಿದವನಿಗೆ ಗಾಲಿಕುರ್ಚಿಯನ್ನು ತಡೆಯುವ ಮೆಟ್ಟಿಲೂ ಅಂಥದೇ ಕಾನೂನಾಗಿ ಕಂಡಿರಬೇಕು. ಇದನ್ನು ಹೊಸ ವ್ಯಾಖ್ಯೆಯೆಂದು ಎಲ್ಲ ಪಠ್ಯಗಳೂ ಹೇಳುತ್ತವೆ. ಆದರೆ ಮೆಕಾಲೆಯ ಲೇಖನ, 1928ರ ಅಧಿನಿಯಮ, ಸಂವಿಧಾನದ 17ನೆಯ ವಿಧಿಗಳ ಹಿನ್ನೆಲೆಯಲ್ಲಿ ನೋಡಿದರೆ ಇದು ಪದವೊಂದು ತನ್ನ ಹಳೆಯ ಮನೆಗೆ ಮರಳಿದ ಘಟನೆ.

ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಕೊರತೆ, ಅಸಾಮರ್ಥ್ಯ, ‘ಹ್ಯಾಂಡಿಕ್ಯಾಪ್’ ಎಂಬ ಮೂರು ಹಂತಗಳನ್ನು ಗುರುತಿಸಿತ್ತು; 2001ರ ಪರಿಷ್ಕರಣೆಯಲ್ಲಿ ಮೂರನೆಯದನ್ನು ಕೈಬಿಟ್ಟು ಪರಿಸರದ ಅಂಶಗಳನ್ನು ಸೇರಿಸಿಕೊಂಡಿತು. ವಿಶ್ವಸಂಸ್ಥೆಯ 2006ರ ಒಡಂಬಡಿಕೆಗೆ ಭಾರತ 2007ರಲ್ಲಿ ಅನುಮೋದನೆ ನೀಡಿತು. ಅದನ್ನು ಅನುಸರಿಸಿ ಬಂದ 2016ರ ಅಧಿನಿಯಮವು ದೀರ್ಘಕಾಲಿಕ ಕೊರತೆಯು ಅಡೆತಡೆಗಳೊಡನೆ ಸಂಧಿಸಿದಾಗ ಸಮಾನ ಪಾಲ್ಗೊಳ್ಳುವಿಕೆಗೆ ಉಂಟಾಗುವ ಭಂಗವನ್ನು ತನ್ನ ವ್ಯಾಖ್ಯೆಯಲ್ಲಿ ಒಪ್ಪಿತು. ಏಳು ಬಗೆಗಳು ಇಪ್ಪತ್ತೊಂದಾದವು. ಆದರೆ ಮೀಸಲಾತಿ ಮೊದಲಾದ ಸೌಲಭ್ಯಗಳ ವಿಷಯಕ್ಕೆ ಬಂದಾಗ ಅದೇ ಶೇಕಡ 40 ಹಿಂತಿರುಗಿತು. ವ್ಯಾಖ್ಯೆಯಲ್ಲಿ ಅಡೆತಡೆಗೆ ಸ್ಥಾನ ಸಿಕ್ಕಿತು, ಪ್ರಮಾಣಪತ್ರದಲ್ಲಿ ಸಿಗಲಿಲ್ಲ.

ಕನ್ನಡದ ಕಡೆಗೆ ತಿರುಗಿದರೆ ಮೊದಲು ಎದ್ದುಕಾಣುವುದು ಸಮುಚ್ಚಯಪದದ ಅಭಾವ. ಕುರುಡ, ಕಿವುಡ, ಮೂಗ, ಕುಂಟ, ಹೆಳವ, ಗೂನ ಎಂದು ಒಂದೊಂದಕ್ಕೂ ದೇಶ್ಯ ಪದವಿದೆ; ಎಲ್ಲರನ್ನೂ ಒಂದೇ ಗುಂಪಾಗಿ ಹಿಡಿಯುವ ದೇಶ್ಯ ಪದ ಬಳಕೆಯಲ್ಲಿಲ್ಲ. ಆ ಗುಂಪು ಧರ್ಮಶಾಸ್ತ್ರದ ಪಟ್ಟಿಯಲ್ಲಿಯೂ ಆಡಳಿತದ ಕಡತದಲ್ಲಿಯೂ ಹುಟ್ಟಿದುದು, ಊರಿನ ಮಾತಿನಲ್ಲಲ್ಲ. ಊರಿನ ಮಾತು ಕರುಣಾಳುವಾಗಿತ್ತೆಂದು ಇದರ ಅರ್ಥವಲ್ಲ. ‘ಕುಂಟುನೆಪ’, ‘ಕುರುಡುನಂಬಿಕೆ’, ‘ಜಾಣಕಿವುಡು’ ಎಂಬ ನುಡಿಗಟ್ಟುಗಳಲ್ಲಿ ದೇಹದ ಕೊರತೆ ನಡತೆಯ ಕೊರತೆಗೆ ಅಳತೆಗೋಲಾಗಿದೆ. ಬೇಂದ್ರೆಯವರ ‘ಕುರುಡು ಕಾಂಚಾಣ’ದ ಶೀರ್ಷಿಕೆಯಲ್ಲಿಯೂ ಕುರುಡು ದುಡ್ಡಿನ ಅವಗುಣಕ್ಕೆ ವಿಶೇಷಣ. ಆದರೆ ಪದಗಳ ಬಾಳು ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ಕಾಲಿಲ್ಲದವನೆಂಬ ಅರ್ಥದ ‘ಹೆಳವ’ವು ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಬಂದು ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುವ ಸಮುದಾಯದ ಹೆಸರಾಗಿದೆ, ಹರಿದಾಸ ಸಾಹಿತ್ಯದ ಗಿರಿಯಮ್ಮನ ಹೆಸರಿಗೆ ಸೇರಿದ ‘ಹೆಳವನಕಟ್ಟೆ’ಯಲ್ಲಿ ಸ್ಥಳನಾಮದ ಭಾಗವಾಗಿದೆ. ಆ ಹೆಸರುಗಳನ್ನು ಉಚ್ಚರಿಸುವವರಿಗೆ ಅವಹೇಳನದ ನೆನಪೂ ಆಗುವುದಿಲ್ಲ.

ಆಡಳಿತದ ‘ಅಂಗವಿಕಲ’ ಸಂಸ್ಕೃತದ ಸರಕಿನಿಂದ ಕಟ್ಟಿದ ಪದ. ‘ಸಕಲ’ಕ್ಕೆ ಪ್ರತಿಯಾದುದು ‘ವಿಕಲ’; ಕಲೆ ಎಂದರೆ ಭಾಗ, ಒಂದು ಭಾಗ ಕಡಿಮೆಯಾದುದು ವಿಕಲ. ಜೈನಶಾಸ್ತ್ರದಲ್ಲಿ ಎರಡರಿಂದ ನಾಲ್ಕು ಇಂದ್ರಿಯಗಳುಳ್ಳ ಜೀವಿಗಳನ್ನು ‘ವಿಕಲೇಂದ್ರಿಯ’ಗಳೆಂದು ಕರೆಯುವಾಗ ಅಲ್ಲಿ ನಿಂದೆಯಿಲ್ಲ, ಲೆಕ್ಕವಿದೆ. ಅಂಗವಿಕಾರವನ್ನು ಸೂಚಿಸುವಾಗ ಆ ಅಂಗವಾಚಕಕ್ಕೆ ತೃತೀಯಾ ವಿಭಕ್ತಿ ಬರುತ್ತದೆಂದು ಪಾಣಿನಿ ಪ್ರತ್ಯೇಕ ಸೂತ್ರವನ್ನೇ ಮಾಡಿದ್ದಾನೆ. ಈ ದೃಷ್ಟಿಯಿಂದ ‘ಅಂಗವಿಕಲ’ ಪ್ರಾಮಾಣಿಕವಾದ ಪದ. ವೈಕಲ್ಯ ಅಂಗದಲ್ಲಿದೆ, ಅಷ್ಟೇ ಎನ್ನುತ್ತದೆ. ಅದರ ಮಿತಿಯೂ ಅದೇ: ಅಂಗದ ಆಚೆಗೆ ಅದು ಏನನ್ನೂ ಹೇಳಲಾರದು. 17ನೆಯ ವಿಧಿಯ ‘ಡಿಸಬಿಲಿಟಿ’ಗೆ ಅದನ್ನು ಹಾಕಿದರೆ ವಾಕ್ಯವೇ ಕುಸಿಯುತ್ತದೆ. ಹಿಂದಿಯಲ್ಲಿಯೂ ಇದೇ ಗತಿ. ಸಂವಿಧಾನದ ಹಿಂದಿ ಪಾಠದ ‘ನಿರ್ಯೋಗ್ಯತಾ’ಕ್ಕೂ ಅಲ್ಲಿನ ‘ವಿಕಲಾಂಗ’ಕ್ಕೂ ಯಾವ ನಂಟೂ ಉಳಿದಿಲ್ಲ.

‘ಇಂಪೇರ್‌ಮೆಂಟ್’ ಎಂಬುದಕ್ಕೆ ಕನ್ನಡದ ವೈದ್ಯಕೀಯ ಮತ್ತು ಶೈಕ್ಷಣಿಕ ಬರಹ ‘ದೋಷ’ವನ್ನು ಆರಿಸಿಕೊಂಡುದು ಇನ್ನೂ ದುರದೃಷ್ಟಕರ. ಶ್ರವಣದೋಷ, ವಾಗ್ದೋಷ, ದೃಷ್ಟಿದೋಷ ಎಂಬ ರೂಪಗಳು ಸರ್ವತ್ರ ಕಾಣುತ್ತವೆ. ಆಯುರ್ವೇದದಲ್ಲಿ ‘ದೋಷ’ ಪಾರಿಭಾಷಿಕ ಪದವಾಗಿರುವುದು ನಿಜ. ಅಲಂಕಾರಶಾಸ್ತ್ರದಲ್ಲಿಯೂ ಹೌದು, ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದವೇ ಕಾವ್ಯದ ದೋಷಾದೋಷಗಳ ನಿರ್ಣಯಕ್ಕೆ ಮೀಸಲು. ಆದರೆ ಕಾವ್ಯದ ದೋಷಕ್ಕೆ ಕವಿ ಹೊಣೆ. ನಾಗದೋಷ, ಗ್ರಹದೋಷಗಳಿಗೆ ಪೂರ್ವಕರ್ಮ ಹೊಣೆಯೆಂಬುದು ಜನರ ನಂಬಿಕೆ. ‘ದೃಷ್ಟಿದೋಷ’ವೆಂದರೆ ಮಗುವಿಗೆ ಕೆಟ್ಟ ಕಣ್ಣು ತಾಗಿತೆಂದು ತಿಳಿಯುವ ಅಜ್ಜಿಯರು ಇರುವ ಭಾಷೆಯಲ್ಲಿ ಆ ಪದವನ್ನು ಕಿವಿ ಕೇಳದ ಮಗುವಿನ ಪಕ್ಕದಲ್ಲಿ ಇಡುವುದು ಹೊಣೆಗಾರಿಕೆಯ ಪ್ರಶ್ನೆಯನ್ನು ತಾಯಿಯ ಮಡಿಲಿಗೆ ಹಾಕಿದಂತೆ. ‘ಕೊರತೆ’ ಅಥವಾ ‘ಊನ’ ಇದ್ದಾಗ ‘ದೋಷ’ ಬೇಕಿರಲಿಲ್ಲ. ಇದಕ್ಕೆ ಹೋಲಿಸಿದರೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರು ಮಾದರಿಯಾಗಿದೆ. ಅಲ್ಲಿ ಮಾತು ಇದೆ, ಕೇಳುವಿಕೆ ಇದೆ. ಅವುಗಳ ಅಭಾವಕ್ಕೆ ಹೆಸರೇ ಇಲ್ಲ.

‘ವಿಕಲಚೇತನ’ಕ್ಕೆ ಬಂದರೆ, ಅದನ್ನು ಪ್ರಚಾರಕ್ಕೆ ತಂದವರ ಉದ್ದೇಶ ಪ್ರಶ್ನಾತೀತ. ‘ಅಂಗವಿಕಲ’ದಲ್ಲಿ ಮನುಷ್ಯನು ಬರಿಯ ಅಂಗವಾಗಿಬಿಡುತ್ತಾನೆಂಬ ಅಳುಕಿನಿಂದ, ಅವನೂ ಚೇತನವೆಂದು ಸಾರಲು ಆ ಪದವನ್ನು ಕಟ್ಟಲಾಯಿತು. ರಾಜ್ಯ ಸರಕಾರದ ಇಲಾಖೆಯ ಹೆಸರು ಇಂದು ‘ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’. ಆದರೆ ಸಮಾಸವನ್ನು ಬಿಡಿಸಿದರೆ ದೊರೆಯುವುದು ‘ವಿಕಲವಾದ ಚೇತನವುಳ್ಳವರು’ ಎಂಬ ಬಹುವ್ರೀಹಿ. ಅಂಗದಲ್ಲಿದ್ದ ವೈಕಲ್ಯವು ಚೇತನಕ್ಕೆ ದಾಟಿತು. ಪೋಲಿಯೋದಿಂದ ಕಾಲು ಸೊರಗಿದ ಲೆಕ್ಕಾಧಿಕಾರಿಯೊಬ್ಬನಿಗೆ ‘ಅಂಗವಿಕಲ’ವು ಸತ್ಯವಾದ ಮಾತನ್ನಾದರೂ ಹೇಳುತ್ತಿತ್ತು, ‘ವಿಕಲಚೇತನ’ ಅಸತ್ಯವನ್ನು ಹೇಳುತ್ತದೆ. ಬೌದ್ಧಿಕ ಕೊರತೆಯುಳ್ಳವರ, ಮನೋರೋಗದಿಂದ ಬಳಲುವವರ ವಿಷಯದಲ್ಲಿಯಂತೂ ಅದು ಸಮಾಧಾನದ ಮಾತಾಗದೆ ನಿರ್ಣಯದ ಮಾತಾಗುತ್ತದೆ.

ಇದಕ್ಕೆ ಆಕ್ಷೇಪ ಸಹಜ. ಪದದ ಅರ್ಥ ಬಳಕೆಯಲ್ಲಿದೆ, ವಿಗ್ರಹವಾಕ್ಯದಲ್ಲಿಲ್ಲ. ‘ಹ್ಯಾಂಡಿಕ್ಯಾಪ್’ನ ವಿಷಯದಲ್ಲಿ ವ್ಯುತ್ಪತ್ತಿಯನ್ನು ನೆಚ್ಚಿ ಜನ ಎಡವಿದರೆಂದು ಹೇಳಿ, ಇಲ್ಲಿ ಅದನ್ನೇ ಆಧಾರವಾಗಿ ಹಿಡಿಯುವುದು ಸರಿಯೇ? ಅಲ್ಲದೆ ಆ ಪದದಿಂದ ಕರೆಯಲ್ಪಡುವ ಅನೇಕರು ಅದನ್ನು ಗೌರವಸೂಚಕವೆಂದೇ ಒಪ್ಪಿದ್ದಾರೆ. ಆಕ್ಷೇಪದಲ್ಲಿ ತೂಕವಿದೆ. ಆದರೂ ಎರಡು ಪ್ರಸಂಗಗಳು ಒಂದೇ ಅಲ್ಲ. ಟೋಪಿಯ ಕಥೆ ಸುಳ್ಳು ವ್ಯುತ್ಪತ್ತಿ. ಇಂದಿನ ಇಂಗ್ಲಿಷ್ ಭಾಷಿಕನಿಗೆ ಆ ಪದದೊಳಗಿನ ಆಟ ಕಾಣುವುದೂ ಇಲ್ಲ. ‘ವಿಕಲ’, ‘ಚೇತನ’ಗಳೆರಡೂ ಕನ್ನಡದಲ್ಲಿ ಬಿಡಿಬಿಡಿಯಾಗಿ ಬದುಕಿರುವ ಪದಗಳು. ‘ಚೇತನ’ವನ್ನು ಮಗನಿಗೆ ಹೆಸರಾಗಿಡುವ ನಾಡಿನಲ್ಲಿ ಅದರ ಅರ್ಥ ಮಸುಕಾಗಿದೆಯೆಂದು ವಾದಿಸುವುದು ಕಷ್ಟ. ಇಲಾಖೆಯ ಹೆಸರಿನಲ್ಲಿ ಅದು ಉಳಿದರೆ ಉಳಿಯಲಿ. ಸಂಶೋಧನೆಯ ಪರಿಭಾಷೆಯಾಗಿ ಅದನ್ನು ಒಪ್ಪುವುದು ತರವಲ್ಲ.

‘ದಿವ್ಯಾಂಗ’ವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. 2015ರ ಡಿಸೆಂಬರ್‌ನಲ್ಲಿ ಪ್ರಧಾನಮಂತ್ರಿಗಳ ಬಾನುಲಿ ಭಾಷಣದಿಂದ ಅದು ರಾಷ್ಟ್ರವ್ಯಾಪಿಯಾಯಿತು. ಮರುವರ್ಷ ಕೇಂದ್ರದ ಇಲಾಖೆಯ ಹೆಸರಿನೊಳಕ್ಕೂ ಬಂದಿತು. ವಿಶ್ವಸಂಸ್ಥೆಯ ಒಡಂಬಡಿಕೆಯ ಸಮಿತಿ 2019ರಲ್ಲಿ ಭಾರತದ ವರದಿಯನ್ನು ಪರಿಶೀಲಿಸಿದಾಗ ಈ ಪದ ವಿವಾದಾಸ್ಪದವೆಂದು ದಾಖಲಿಸಿತು. ಊನವನ್ನು ದೈವೀಕರಿಸುವ ಈ ಮನೋಧರ್ಮ ಕನ್ನಡಕ್ಕೆ ಹೊಸದೇನಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳನ್ನೂ (1892–1944) ಪುಟ್ಟರಾಜ ಗವಾಯಿಗಳನ್ನೂ (1914–2010) ಕುರಿತ ಬರಹಗಳಲ್ಲಿ ‘ಒಳಗಣ್ಣು’, ‘ಜ್ಞಾನಚಕ್ಷು’ಗಳ ರೂಪಕ ಮತ್ತೆ ಮತ್ತೆ ಬರುತ್ತದೆ. ಭಕ್ತಿಯ ಮಾತಾಗಿ ಅದು ಒಪ್ಪುತ್ತದೆ, ವಿವರಣೆಯಾಗಿ ಒಪ್ಪುವುದಿಲ್ಲ. ಹಿಂದೂಸ್ತಾನಿ, ಕರ್ನಾಟಕ ಎರಡು ಪದ್ಧತಿಗಳಲ್ಲಿಯೂ ಅವರು ಗಳಿಸಿದ ಪ್ರಭುತ್ವ ಗುರುಮುಖದ ಪಾಠದಿಂದಲೂ ವರ್ಷಗಟ್ಟಲೆಯ ಸಾಧನೆಯಿಂದಲೂ ಬಂದುದು. ಕಣ್ಣಿಲ್ಲದ ಮಕ್ಕಳಿಗೆ ಊಟ, ವಸತಿ, ವಿದ್ಯೆಗಳನ್ನು ಕೊಟ್ಟ ಆ ಆಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳಿಂದ ಬಸವರಾಜ ರಾಜಗುರುಗಳಂಥ ಕಣ್ಣುಳ್ಳವರೂ ಕಲಿತರು. ಕಿವಿಯಿಂದ ಕಿವಿಗೆ ಹರಿಯುವ ವಿದ್ಯೆಯಲ್ಲಿ, ಅದಕ್ಕೆ ತಕ್ಕ ಏರ್ಪಾಡು ಇದ್ದ ಮನೆಯಲ್ಲಿ, ಕುರುಡು ‘ಡಿಸಬಿಲಿಟಿ’ಯಾಗಿ ಪರಿಣಮಿಸಲಿಲ್ಲ. ಒಳಗಣ್ಣಿನ ರೂಪಕ ಮರೆಸುವುದು ಈ ಏರ್ಪಾಡನ್ನೇ.

ಇಂಗ್ಲಿಷಿನಲ್ಲಿ ವ್ಯಕ್ತಿವಾಚಕ ಮೊದಲು ಬರಬೇಕೋ ವೈಕಲ್ಯವಾಚಕ ಮೊದಲು ಬರಬೇಕೋ ಎಂಬ ದೊಡ್ಡ ಜಿಜ್ಞಾಸೆ ನಡೆದಿದೆ. ಅದನ್ನು ಹಾಗೆಯೇ ಕನ್ನಡಕ್ಕೆ ತಂದು ‘ವಿಕಲತೆಯುಳ್ಳ ವ್ಯಕ್ತಿಗಳು’ ಎಂದು ಬರೆಯುವವರು ಕನ್ನಡದಲ್ಲಿ ವಿಶೇಷಣ ಯಾವಾಗಲೂ ವಿಶೇಷ್ಯದ ಹಿಂದೆಯೇ ನಿಲ್ಲುತ್ತದೆಂಬುದನ್ನು ಮರೆತಿರುತ್ತಾರೆ. ಇಲ್ಲಿ ಗೌರವ ಪದಕ್ರಮದಲ್ಲಿಲ್ಲ, ಪ್ರತ್ಯಯದಲ್ಲಿದೆ. ‘ಕುರುಡ’ನಿಗೂ ‘ಕಣ್ಣು ಕಾಣದವರಿ’ಗೂ ಇರುವ ಅಂತರವನ್ನು ಯಾವ ಕನ್ನಡಿಗನಿಗೂ ವಿವರಿಸಬೇಕಿಲ್ಲ. ಮೊದಲನೆಯದು ಮನುಷ್ಯನನ್ನು ಒಂದು ಜಾತಿಯನ್ನಾಗಿ ಮಾಡುತ್ತದೆ. ಎರಡನೆಯದು ಒಂದು ಕ್ರಿಯೆ ನಡೆಯುತ್ತಿಲ್ಲವೆಂದಷ್ಟೇ ಹೇಳಿ ‘ಅವರು’ ಎಂದು ಗೌರವಿಸುತ್ತದೆ. ಕಿವಿ ಕೇಳದವರು, ಮಾತು ಬಾರದವರು, ನಡೆಯಲಾಗದವರು ಎಂಬ ರೂಪಗಳು ಮನೆಮಾತಿನಲ್ಲಿ ಎಂದಿನಿಂದಲೂ ಇವೆ. ಯಾವ ಸಮಿತಿಯೂ ಅವನ್ನು ಸೃಷ್ಟಿಸಲಿಲ್ಲ. ಪರಿಭಾಷೆಯ ಯೋಗ್ಯತೆ ಇಲ್ಲವೆಂದು ಸಮಿತಿಗಳು ಅವನ್ನು ಬದಿಗಿಟ್ಟಿವೆ.

ಈ ನಿಷೇಧ ಕೃದಂತಕ್ಕೆ ಇನ್ನೊಂದು ಗುಣವಿದೆ. ಅದು ಕರ್ತೃವಿಗೂ ಅಂಟಬಲ್ಲುದು, ಕರ್ಮಕ್ಕೂ ಅಂಟಬಲ್ಲುದು. ‘ಮೆಟ್ಟಿಲು ಹತ್ತಲಾಗದವರು’ ಎಂದರೆ ಕೊರತೆ ಮನುಷ್ಯರಲ್ಲಿ. ‘ಹತ್ತಲಾಗದ ಮೆಟ್ಟಿಲು’ ಎಂದರೆ ಮೆಟ್ಟಿಲಿನಲ್ಲಿ. ‘ಹತ್ತಗೊಡದ ಮೆಟ್ಟಿಲು’ ಎಂದರೆ ಕಟ್ಟಿಸಿದವರ ಕಡೆಗೇ ಬೆರಳು ಹೋಗುತ್ತದೆ. 1976ರ ಕಿರುಹೊತ್ತಗೆ ಎರಡು ನಾಮಪದಗಳನ್ನು ಬೇರ್ಪಡಿಸಿ ಸಾಧಿಸಿದುದನ್ನು ಕನ್ನಡ ಒಂದೇ ಧಾತುವಿನಿಂದ ಹೇಳಬಲ್ಲುದು. ಆದರೆ ಕನ್ನಡದ ಲೋಕರೂಢಿ ಈ ಸಾಧ್ಯತೆಯನ್ನು ನಗೆಗೀಡುಮಾಡಿಯೂ ಇದೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ಹೇಳುವುದು ಇದನ್ನೇ: ನೆಲವನ್ನು ದೂರುವವರು ನೆಪ ಹೇಳುವವರು. ಗಾದೆಯಲ್ಲಿ ನೆಲವನ್ನು ಯಾರೂ ಪರೀಕ್ಷಿಸುವುದಿಲ್ಲ. ಅದು ಡೊಂಕಾಗಿರಬಹುದೆಂಬ ಸಂಶಯವೇ ಹಾಸ್ಯ. ಕನ್ನಡದಲ್ಲಿ ‘ಡಿಸಬಿಲಿಟಿ’ಯ ಮೊದಲ ಅರ್ಥ ನೆಲೆಗೊಳ್ಳಬೇಕಾದರೆ ಎದುರಿಸಬೇಕಾದುದು ಪಾರಿಭಾಷಿಕ ಪದದ ಅಭಾವವನ್ನಲ್ಲ, ಈ ಗಾದೆಯನ್ನು.

ಪದ ಬದಲಾದರೆ ಎಣಿಕೆಯೂ ಬದಲಾಗುತ್ತದೆಂಬುದಕ್ಕೆ ಜನಗಣತಿ ಸಾಕ್ಷಿ. 2011ರ ಗಣತಿಯಲ್ಲಿ ಭಾರತದ ಅಂಗವಿಕಲರ ಸಂಖ್ಯೆ 2.68 ಕೋಟಿ, ಜನಸಂಖ್ಯೆಯ ಶೇಕಡ 2.21. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕುಗಳ ಜಂಟಿ ವರದಿ ಜಗತ್ತಿನ ಜನಸಂಖ್ಯೆಯ ಸುಮಾರು ಶೇಕಡ 15ರಷ್ಟು ಮಂದಿ ಈ ವರ್ಗಕ್ಕೆ ಸೇರುತ್ತಾರೆಂದು ಅಂದಾಜಿಸಿತು. ಭಾರತೀಯರ ಆರೋಗ್ಯ ಉಳಿದವರಿಗಿಂತ ಏಳು ಪಾಲು ಮೇಲೆಂದು ಯಾರೂ ನಂಬಲಾರರು. ಮನೆಬಾಗಿಲಿಗೆ ಬಂದ ಗಣತಿದಾರರು ‘ಅಂಗವಿಕಲರು ಇದ್ದಾರೆಯೇ’ ಎಂದು ಕೇಳಿದಾಗ ಮಂಜುಗಣ್ಣಿನ ತಂದೆಯನ್ನೂ ಕಿವಿ ಮಂದವಾದ ಅತ್ತೆಯನ್ನೂ ಆ ಪದದೊಳಗೆ ಸೇರಿಸಲು ಯಾವ ಮನೆಯವರಿಗೂ ತೋಚುವುದಿಲ್ಲ. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ವಾಷಿಂಗ್ಟನ್ ಗುಂಪಿನ ಪ್ರಶ್ನಾವಳಿ ಈ ಕಾರಣದಿಂದಲೇ ‘ಡಿಸಬಿಲಿಟಿ’ ಎಂಬ ಪದವನ್ನು ಕೈಬಿಟ್ಟಿದೆ. ಕನ್ನಡಕ ಹಾಕಿಕೊಂಡರೂ ನೋಡಲು ಕಷ್ಟವಾಗುತ್ತದೆಯೇ, ನಡೆಯಲು, ಮೆಟ್ಟಿಲು ಹತ್ತಲು ಕಷ್ಟವಾಗುತ್ತದೆಯೇ ಎಂಬ ಬಗೆಯ ಆರು ಪ್ರಶ್ನೆಗಳನ್ನು ಅದು ಕೇಳುತ್ತದೆ. ಅವುಗಳನ್ನು ಕನ್ನಡಕ್ಕೆ ತರಲು ಸಂಸ್ಕೃತದ ಒಂದು ಸಮಾಸವೂ ಬೇಕಾಗುವುದಿಲ್ಲ. ಹತ್ತಲು ಕಷ್ಟವಾಗುತ್ತದೆಂದು ಉತ್ತರಿಸಿದವರನ್ನು, ಯಾವ ಮೆಟ್ಟಿಲು, ಎಲ್ಲಿಯದು, ಕಟ್ಟಿಸಿದವರು ಯಾರು ಎಂದು ಮುಂದಕ್ಕೆ ಕೇಳುವುದಕ್ಕೂ ಅದೇ ಕನ್ನಡದಲ್ಲಿ ಅವಕಾಶವಿದೆ. ಪ್ರಮಾಣಪತ್ರದ ನಮೂನೆಯಲ್ಲಿ ಆ ಉತ್ತರಕ್ಕೆ ಅಂಕಣವಿಲ್ಲ.